ಮನೆ ನೋಡಲು ಬರುವವರು ಮೊದಲು ಗೋಡೆ ಮುಟ್ಟುತ್ತಾರೆ

ಬದಿಯಡ್ಕದ ಹತ್ತಿರ ನಮ್ಮ ಸೋದರಮಾವನ ಮನೆ ಮಾರಾಟಕ್ಕಿಟ್ಟಾಗ ಮೊದಲು ನೋಡಲು ಬಂದದ್ದು ಒಂದು ಗಲ್ಫ್ ಕುಟುಂಬ. ಗಂಡ, ಹೆಂಡತಿ, ಎರಡು ಮಕ್ಕಳು, ಜೊತೆಗೆ ಗಂಡನ ವಯಸ್ಸಾದ ತಂದೆ. ನಾವು ಮನೆಗೆ ಹೊಸ ಪೇಂಟ್ ಹೊಡೆಸಿ, ಚಾವಡಿಗೆ ಹೊಸ ಕರ್ಟನ್ ಹಾಕಿ ಕಾದಿದ್ದೆವು. ಅಜ್ಜ ಚಾವಡಿಗೆ ಬರಲೇ ಇಲ್ಲ. ಚಪ್ಪಲಿ ಹಾಕಿಕೊಂಡೇ ಮನೆಗೆ ಒಂದು ಸುತ್ತು ಬಂದರು. ಬಚ್ಚಲಿನ ಹಿಂದಿನ ಗೋಡೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತು, ನೆಲದಿಂದ ಒಂದು ಮೊಳ ಮೇಲೆ ಅಂಗೈ ಇಟ್ಟರು. ಆಮೇಲೆ ಉಗುರಿನಿಂದ ಮೆಲ್ಲ ಕೆರೆದರು. ಹೊಸ ಪೇಂಟು ಹಪ್ಪಳದ ಹಾಗೆ ಎದ್ದು ಬಂತು. ಒಳಗೆ ಬಿಳಿ ಪುಡಿ.

"ಇದು ಹೊಡೆದು ಎಷ್ಟು ದಿನ ಆಯ್ತು?" ಅಂತ ಮಲಯಾಳದಲ್ಲಿ ಕೇಳಿದರು. "ಮೊನ್ನೆ" ಅಂದರು ಮಾವ. ಅಜ್ಜ ತಲೆಯಾಡಿಸಿದರು, ಅಷ್ಟೆ. ಚಾ ಕುಡಿದು ಹೋದವರು ಮತ್ತೆ ಫೋನ್ ಮಾಡಲಿಲ್ಲ.

ಆ ಗೋಡೆ ಬಿದ್ದುಹೋಗುವ ಗೋಡೆಯೇನೂ ಆಗಿರಲಿಲ್ಲ. ಮಳೆಗಾಲದ ಥಂಡಿ, ನಮ್ಮ ಕಡೆ ಯಾವ ಮನೆಗೆ ಇಲ್ಲ ಹೇಳಿ? ಆದರೆ ನಾವು ಅದನ್ನು ಮುಚ್ಚಿದ್ದೆವು. ಮುಚ್ಚಿದ್ದು ಒಂದು ಕಡೆ ಕಂಡರೆ ಸಾಕು, ಇನ್ನೂ ಎಷ್ಟು ಕಡೆ ಮುಚ್ಚಿದ್ದಾರೋ ಅಂತ ಕೊಳ್ಳುವವರು ಲೆಕ್ಕ ಹಾಕಲು ಶುರು ಮಾಡುತ್ತಾರೆ. ಮನೆ ತೋರಿಸಲು ತಯಾರಿ ಮಾಡುವುದು ಅಂದರೆ ಬರುವವರ ಅನುಮಾನಗಳಿಗೆ ಮೊದಲೇ ಉತ್ತರ ತಯಾರು ಮಾಡಿಟ್ಟುಕೊಳ್ಳುವುದು ಅಂತ ನನಗೆ ಅರ್ಥ ಆದದ್ದು ಅವತ್ತು. ಅಮೆರಿಕದ ಕಡೆ ಇದಕ್ಕೆ ಹೋಮ್ ಸ್ಟೇಜಿಂಗ್ ಅಂತ ಹೆಸರಿದೆ. ಸೋಫಾ, ದಿಂಬು, ಹೂದಾನಿ ಅಂತ ಬಾಡಿಗೆಗೆ ತಂದು ಜೋಡಿಸುತ್ತಾರಂತೆ. ಕಾಸರಗೋಡಿನಲ್ಲಿ ಹಂಚಿನ ಮನೆ, ಸ್ವಲ್ಪ ತೋಟ, ಒಂದು ಬಾವಿ ಮಾರುವವರಿಗೆ ಬೇಕಾದ ತಯಾರಿ ಬೇರೆಯೇ.

ಮೊದಲು ಗೋಡೆಯ ವಿಷಯವನ್ನೇ ಸರಿಯಾಗಿ ನೋಡೋಣ. ನಮ್ಮ ಮನೆಗಳು ಹೆಚ್ಚಿನವು ಕೆಂಪುಕಲ್ಲಿನವು. ಈ ಕಲ್ಲಿನ ತುಂಬ ಸಣ್ಣ ಸಣ್ಣ ತೂತು. ಬಟ್ಟೆಯ ತುದಿ ನೀರಿಗೆ ತಾಗಿದರೆ ಬಟ್ಟೆ ಹೇಗೆ ಮೇಲಿನವರೆಗೆ ಒದ್ದೆಯಾಗುತ್ತದೋ, ಈ ಕಲ್ಲೂ ಅಡಿಪಾಯದ ನೀರನ್ನು ಹಾಗೆಯೇ ಮೇಲೆ ಹೀರುತ್ತದೆ. ಎರಡು ಮೂರು ಅಡಿ ಎತ್ತರಕ್ಕೂ ಹೋಗುತ್ತದೆ. ಮಣ್ಣಿನಲ್ಲಿರುವ ಉಪ್ಪಿನ ಅಂಶ ಆ ನೀರಿನ ಜೊತೆಗೇ ಏರುತ್ತದೆ. ಗೋಡೆಯ ಮುಖದಲ್ಲಿ ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಅದೇ ಆ ಬಿಳಿ ಪುಡಿ. ಹಿಂದಿನವರು ಚಿಪ್ಪು ಸುಟ್ಟು ಮಾಡಿದ ಸುಣ್ಣ ಬಳಿಯುತ್ತಿದ್ದರು. ಸುಣ್ಣದ ಮೂಲಕ ಗೋಡೆ ಉಸಿರಾಡುತ್ತದೆ, ಒಳಗಿನ ತೇವ ಹೊರಗೆ ಹೋಗುತ್ತದೆ. ಪ್ಲಾಸ್ಟಿಕ್ ಪೇಂಟ್ ಬಳಿದರೆ ತೇವಕ್ಕೆ ದಾರಿ ಇಲ್ಲ. ಪೇಂಟಿನ ಹಿಂದೆ ಉಪ್ಪು ಕಟ್ಟುತ್ತಾ ಬಂದು ಅದನ್ನು ಹೊರಗೆ ದೂಡುತ್ತದೆ. ಅಜ್ಜನ ಉಗುರಿಗೆ ಸಿಕ್ಕಿದ್ದು ಅದೇ.

ಪೇಂಟಿನ ಡಬ್ಬ ತರುವ ಮೊದಲು ತೇವ ಎಲ್ಲಿಂದ ಬರುತ್ತಿದೆ ಅಂತ ಗೊತ್ತು ಮಾಡಿಕೊಳ್ಳಬೇಕು. ಒಂದು ಸುಲಭದ ಪರೀಕ್ಷೆ ಇದೆ. ಒಂದಡಿ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಾಕಿ ಗಾಳಿಯಾಡದ ಹಾಗೆ ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆಯ ಬದಿಯಲ್ಲಿ ನೀರ ಹನಿ ಕಂಡರೆ ತೇವ ಗೋಡೆಯ ಒಳಗಿನದ್ದು. ಹಾಳೆಯ ಹೊರಮೈಯಲ್ಲಿ, ಕೋಣೆಯ ಬದಿಯಲ್ಲಿ ಹನಿ ಇದ್ದರೆ ಅದು ಕೋಣೆಯ ಗಾಳಿಯದ್ದು, ಕಿಟಕಿ ತೆರೆದಿಟ್ಟರೆ ಅರ್ಧ ವಾಸಿ.

ಒಳಗಿನದ್ದಾದರೆ ಮದ್ದು ಹೊರಗೆ ಮಾಡಬೇಕು. ನಮ್ಮಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಜಾಸ್ತಿ ಮಳೆ. ಸಾವಿರ ಚದರಡಿಯ ಒಂದು ಮಾಡಿನ (ಚಾವಣಿಯ) ಮೇಲೆ 3,000 ಮಿಲಿಮೀಟರ್ ಬಿದ್ದರೆ ಸುಮಾರು 2 ಲಕ್ಷ 79 ಸಾವಿರ ಲೀಟರ್ ಆಯಿತು. ಮಾಡಿನ ಅಂಚಿನಲ್ಲಿ ನೀರು ಹಿಡಿಯುವ ದಂಬೆ ಇಲ್ಲದಿದ್ದರೆ ಅಷ್ಟೂ ನೀರು ಇಳಿಯುವುದು ನಿಮ್ಮ ಮನೆಯ ಪಂಚಾಂಗದ, ಅಂದರೆ ಅಡಿಪಾಯದ, ಬುಡಕ್ಕೇ. ದಂಬೆ ಒಡೆದಿದ್ದರೆ ಬದಲಿಸಿ. ಗೋಡೆಗೆ ತಾಗಿ ಮಣ್ಣು, ಮರಳು, ಹಳೆ ಕಲ್ಲು ರಾಶಿ ಬಿದ್ದಿದ್ದರೆ ತೆಗೆಯಿರಿ. ಅಂಗಳದ ಇಳಿಜಾರು ಮನೆಯಿಂದ ಹೊರಗೆ ಇರಲಿ. ಇಷ್ಟು ಮಾಡಿ, ಎದ್ದ ಪೇಂಟನ್ನು ಕೆರೆದು, ಒಣ ಬ್ರಶ್ಶಿನಿಂದ ಉಪ್ಪು ಉದುರಿಸಿ, ಗೋಡೆಯನ್ನು ಹಾಗೇ ಬಿಡಬೇಕು. ಡಿಸೆಂಬರಿನಿಂದ ಫೆಬ್ರವರಿವರೆಗಿನ ಒಣ ಗಾಳಿ ಮಾಡುವ ಕೆಲಸವನ್ನು ಯಾವ ಕೆಮಿಕಲ್ಲೂ ಮಾಡುವುದಿಲ್ಲ. ಆಮೇಲೆ ಸುಣ್ಣ ಹೊಡೆಸಿ. ಮಾವ ಎರಡನೇ ಸಲ ಹೀಗೇ ಮಾಡಿದ್ದು. ಖರ್ಚು ಪೇಂಟಿಗಿಂತ ಕಡಿಮೆ ಆಯಿತು, ಕಾಯುವ ತಾಳ್ಮೆ ಮಾತ್ರ ಜಾಸ್ತಿ ಬೇಕಾಯಿತು. ಒಂದು ಮೂಲೆಯಲ್ಲಿ ಕಲೆ ಉಳಿದೇ ಉಳಿಯಿತು. ಬಂದವರಿಗೆ ಮಾವನೇ ಅದನ್ನು ತೋರಿಸಿ, "ಇಲ್ಲಿ ಆಟಿಯ ಮಳೆಗೆ ಸ್ವಲ್ಪ ಥಂಡಿ ಬರ್ತದೆ, ದಂಬೆ ಹಾಕಿದ ಮೇಲೆ ಕಡಿಮೆ ಉಂಟು" ಅಂತ ಹೇಳುತ್ತಿದ್ದರು. ಯಾರೂ ಅದರ ಬಗ್ಗೆ ಎರಡನೇ ಮಾತು ಕೇಳಲಿಲ್ಲ.

ಇನ್ನು ಮಾಡು. ನಮ್ಮ ಹಂಚಿನ ಕತೆ 1865ರಷ್ಟು ಹಳೆಯದು. ಬಾಸೆಲ್ ಮಿಶನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು ಆ ವರ್ಷ. ಆಮೇಲೆ ಬೇರೆ ಬೇರೆ ಕಾರ್ಖಾನೆಗಳು ಬಂದವು, ಹಂಚಿನ ಅಳತೆಯೂ ಒಂದಿಷ್ಟು ಆಚೆ ಈಚೆ ಆಯಿತು. ಅದಕ್ಕೇ ಒಡೆದ ಹಂಚಿನ ಜಾಗಕ್ಕೆ ಸಿಕ್ಕಿದ ಹಂಚು ತಂದಿಟ್ಟರೆ ಅದು ಪಕ್ಕದ ಹಂಚಿನ ತೋಡಿಗೆ ಕಚ್ಚಿಕೊಳ್ಳುವುದಿಲ್ಲ, ಸಂದಿಯಲ್ಲಿ ನೀರು ಬರುತ್ತದೆ. ನಿಮ್ಮ ಹಂಚಿನ ಮೇಲೆ ಅಚ್ಚೊತ್ತಿದ ಹೆಸರು ನೋಡಿ, ಹಳೆ ಮನೆ ಕೆಡವಿದವರ ಹತ್ತಿರ ಅದೇ ಅಚ್ಚಿನದ್ದು ಹುಡುಕಿ. ಹಂಚು ಬಿಚ್ಚಿದಾಗಲೇ ಅದನ್ನು ಹೊರುವ ಮರದ ಪಕ್ಕಾಸು, ರೀಪುಗಳನ್ನು ಕತ್ತಿಯ ಹಿಡಿಯಿಂದ ಬಡಿದು ನೋಡಿ. ಗಟ್ಟಿ ಮರ ಟಣ್ ಅನ್ನುತ್ತದೆ, ಗೆದ್ದಲು ತಿಂದದ್ದು ಡಬ್ ಅನ್ನುತ್ತದೆ. ಹಲಸಿನದ್ದೋ ಕಿರಾಲುಬೋಗಿಯದ್ದೋ ಹಳೆ ಮರ ಆದರೆ ಅದೇ ನಿಮ್ಮ ಮನೆಯ ದೊಡ್ಡ ಆಸ್ತಿ. ಸೀಲಿಂಗ್ ಹಾಕಿ ಅದನ್ನು ಮುಚ್ಚಬೇಡಿ. ಕಾಣಲಿ.

ಅಟ್ಟದಲ್ಲಿ ಬಾವಲಿಯೋ ಮರಬೆಕ್ಕೋ ಸೇರಿದ್ದರೆ ಮನೆಯವರಿಗೆ ವಾಸನೆ ಗೊತ್ತಾಗುವುದಿಲ್ಲ, ಮೂಗಿಗೆ ಅಭ್ಯಾಸ ಆಗಿರುತ್ತದೆ. ಹೊರಗಿನವರಿಗೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತದೆ. ಸುಲಿದ ಅಡಿಕೆಯ ಗೋಣಿ, ರಬ್ಬರ್ ಶೀಟು, ಒದ್ದೆ ಕಟ್ಟಿಗೆ, ಇವುಗಳದ್ದೂ ಹಾಗೆಯೇ. ಮನೆಗೆ ಅಪರೂಪಕ್ಕೆ ಬರುವ ನೆಂಟರೊಬ್ಬರನ್ನು ಕರೆದು "ಒಳಗೆ ಎಂಥ ವಾಸನೆ ಬರ್ತದೆ, ಸರಿಯಾಗಿ ಹೇಳಿ" ಅಂತ ಕೇಳಿ. ಊದುಬತ್ತಿ, ರೂಮ್ ಫ್ರೆಶ್ನರ್ ಬೇಡ. ಅದರ ಘಮ ಬಂದ ಕೂಡಲೇ ಯಾವುದನ್ನು ಮುಚ್ಚಲು ಹಾಕಿದ್ದಾರೆ ಅಂತಲೇ ಯೋಚನೆ ಬರುತ್ತದೆ.

ಬೆಳಕಿನ ವಿಷಯದಲ್ಲಿ ಒಂದೇ ಮಾತು, ಆದರೆ ನನಗೆ ತುಂಬ ಇಷ್ಟವಾದ ಮಾತು: ಗಾಜಿನ ಹಂಚು. ಹಳೆ ಮನೆಯ ಅಡುಗೆಕೋಣೆ ಹಗಲಲ್ಲೂ ಕತ್ತಲೆ, ಅಲ್ವಾ? ಒಲೆಯ ಮೇಲೆ ಒಂದು, ತೊಳೆಯುವ ಜಾಗದ ಮೇಲೆ ಒಂದು, ಬರೀ ಎರಡು ಮಣ್ಣಿನ ಹಂಚು ತೆಗೆದು ಗಾಜಿನದ್ದು ಇಟ್ಟೆವು. ಬೆಳಿಗ್ಗೆ ಹತ್ತು ಗಂಟೆಗೆ ಬಿಸಿಲಿನ ಒಂದು ಚೌಕ ಬಂದು ಕಡೆಯುವ ಕಲ್ಲಿನ ಮೇಲೆ ಕೂರುತ್ತಿತ್ತು. ಹನ್ನೊಂದಕ್ಕೆ ಅದು ಜಾರಿ ಕಾವಿ ನೆಲಕ್ಕೆ ಇಳಿಯುತ್ತಿತ್ತು. ನಲವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಬೇಯಿಸಿದ ಅತ್ತೆ ಅದನ್ನು ನೋಡಿ, "ಇದನ್ನು ಮೊದಲೇ ಮಾಡಬಹುದಿತ್ತು" ಅಂದರು. ನಿಮ್ಮ ಮನೆಯಲ್ಲಿ ಬೆಳಕು ಯಾವ ಹೊತ್ತಿಗೆ ಎಲ್ಲಿ ಚೆನ್ನಾಗಿ ಬರುತ್ತದೆ ಅಂತ ನಾಲ್ಕು ದಿನ ಗಮನಿಸಿ. ಬರುವವರಿಗೆ ಅದೇ ಹೊತ್ತು ಕೊಡಿ.

ವಸ್ತುಗಳನ್ನು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ, ಸರಿಯೇ. ಮುರಿದ ಕುರ್ಚಿ, ಯಾರೂ ಓದದ ಪೇಪರ್ ಕಟ್ಟು, ಹಳೆ ಪಂಪು, ಇವನ್ನೆಲ್ಲ ಗುಜರಿಗೆ ಹಾಕಿದರೆ ಕೋಣೆ ದೊಡ್ಡದಾಗಿ ಕಾಣುತ್ತದೆ. ಆದರೆ ಗೋಡೆಯ ಫೋಟೋ ಪೂರಾ ತೆಗೆಯಿರಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಅಜ್ಜ ಅಜ್ಜಿಯ ಒಂದು ಫೋಟೋ, ದೇವರ ಕೋಣೆಯ ದೀಪ ಇರಲಿ. ಬದುಕಿ ಬಾಳಿದ ಮನೆ ಇದು, ಜಗಳದಲ್ಲಿ ಬಿಟ್ಟುಹೋದ ಮನೆ ಅಲ್ಲ ಅಂತ ಅದು ಹೇಳುತ್ತದೆ. ಚಾವಡಿ ತುಂಬ ಮದುವೆ ಫೋಟೋ, ಶೀಲ್ಡು, ಕ್ಯಾಲೆಂಡರ್ ಇದ್ದರೆ ಮಾತ್ರ ಇಳಿಸಿ. ಕೊಳ್ಳುವವರು ಯಾವ ಜಾತಿ, ಯಾವ ಧರ್ಮದವರೂ ಆಗಿರಬಹುದು. ಶುಚಿಯಾಗಿಟ್ಟ ದೇವರ ಕೋಣೆಯಿಂದ ಯಾರಿಗೂ ಬೇಜಾರಾಗುವುದಿಲ್ಲ.

ಜಾಗದಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅದು ಬೇರೆ ಮಾತು. ಇದನ್ನು ಕೊನೆಗೆ ಹೇಳುವವರು ತುಂಬ ಜನ. ದಯವಿಟ್ಟು ಮೊದಲೇ ಹೇಳಿ. ಬನ ಇರುವ ಎರಡೋ ಮೂರೋ ಸೆಂಟು ಮಾರಾಟಕ್ಕೆ ಸೇರಿದೆಯಾ, ಕುಟುಂಬದ ಹೆಸರಿನಲ್ಲೇ ಉಳಿಯುತ್ತದಾ? ಉಳಿದರೆ ಅಲ್ಲಿಗೆ ಹೋಗುವ ದಾರಿ ಯಾವುದು? ನಾಗನಿಗೆ, ದೈವಕ್ಕೆ ತಂಬಿಲದ ಸೇವೆ ಯಾರು ಕೊಡುವುದು? ನಾಗರಪಂಚಮಿಗೆ ಕುಟುಂಬದವರು ಬರುತ್ತಾರಾ? ಇದಕ್ಕೆ ಮೊದಲು ಮನೆಯೊಳಗೆ ಕೂತು ಒಂದು ತೀರ್ಮಾನಕ್ಕೆ ಬನ್ನಿ, ದಾರಿಯ ಹಕ್ಕನ್ನು ಕರಾರಿನಲ್ಲಿ ಬರೆಸಿ. ಮುಂಗಡ ಕೊಟ್ಟ ಮೇಲೆ ಈ ವಿಷಯ ಎದ್ದರೆ ಎರಡೂ ಕಡೆಯವರ ಮನಸ್ಸು ಮುರಿಯುತ್ತದೆ.

ಈಗ ನೀರು. ಗೋಡೆ, ಮಾಡು ಎಲ್ಲ ಒಪ್ಪಿಗೆಯಾದ ಮೇಲೂ ನಮ್ಮ ಕಡೆ ವ್ಯಾಪಾರ ನಿಲ್ಲುವುದು ಒಂದೇ ಪ್ರಶ್ನೆಗೆ: "ಎಪ್ರಿಲ್, ಮೇಯಲ್ಲಿ ನೀರು ಉಂಟಾ?" ಅಕ್ಟೋಬರಿನಲ್ಲಿ ಬಾವಿ ತುಂಬಿ ನಿಂತಿರುತ್ತದೆ, ತೋರಿಸಿದರೂ ಯಾರೂ ನಂಬುವುದಿಲ್ಲ. ಮುಂದಿನ ವರ್ಷ ಮಾರುವ ಯೋಚನೆ ಇದ್ದರೆ ಈ ವರ್ಷದ ಮೇ ತಿಂಗಳಲ್ಲೇ ಕೆಲಸ ಶುರು ಮಾಡಿ. ಬಾವಿಗೆ ಹಗ್ಗ ಇಳಿಸಿ ನೀರಿನ ಆಳ ಅಳೆಯಿರಿ. ಅವತ್ತಿನ ಪತ್ರಿಕೆಯನ್ನು ಬಾವಿಕಟ್ಟೆಯ ಮೇಲಿಟ್ಟು, ಅದೂ ನೀರೂ ಕಾಣುವ ಹಾಗೆ ವಿಡಿಯೋ ಮಾಡಿ. ಮಾವ ಮಾಡಿದ ಇಂಥ ಒಂದು ನಿಮಿಷದ ವಿಡಿಯೋ ಉಳಿದ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು.

ಬಾಯಾರು, ಪೆರ್ಲ, ಪಡ್ರೆ ಕಡೆ ಆದರೆ ಸುರಂಗ ಇರುತ್ತದೆ. ಪೇಟೆಯಿಂದ ಬಂದವರಿಗೆ ಇದು ಎಂಥದ್ದು ಅಂತಲೇ ಗೊತ್ತಿರುವುದಿಲ್ಲ. ಗುಡ್ಡದ ಕೆಂಪುಕಲ್ಲಿನೊಳಗೆ ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಅಡ್ಡಕ್ಕೆ ಕೊರೆದ ದಾರಿ, ಒಳಗೆ ಒಸರುವ ನೀರು ಪಂಪಿಲ್ಲದೆ ತಾನಾಗಿ ಹೊರಗೆ ಹರಿದು ಕೆರೆಗೋ ಟ್ಯಾಂಕಿಗೋ ಬೀಳುತ್ತದೆ. ಅದನ್ನು ಬಾಯಲ್ಲಿ ಹೇಳಿದರೆ ಸಾಲದು, ಲೆಕ್ಕ ತೋರಿಸಿ. 20 ಲೀಟರಿನ ಬಕೆಟ್ ತುಂಬಲು ಎರಡು ನಿಮಿಷ ಹಿಡಿದರೆ ಗಂಟೆಗೆ 600 ಲೀಟರ್, ಹಗಲು ರಾತ್ರಿ ಸೇರಿ 14,400 ಲೀಟರ್. ಸಣ್ಣ ಧಾರೆ ಅಂತ ಮೂಗು ಮುರಿದವರು ಈ ಲೆಕ್ಕ ಕೇಳಿ ಇನ್ನೊಮ್ಮೆ ಹೋಗಿ ನೋಡುತ್ತಾರೆ. ಇದನ್ನೂ ಬೇಸಗೆಯಲ್ಲೇ ಅಳೆಯಬೇಕು.

ನೀರು ಎಷ್ಟು ಅನ್ನುವುದರ ಜೊತೆಗೆ ಎಂಥದ್ದು ಅಂತಲೂ ಕೇಳುತ್ತಾರೆ. ಜಲ ಪ್ರಾಧಿಕಾರದ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ ವರದಿ ಇಟ್ಟುಕೊಳ್ಳಿ. ಕೆಂಪುಕಲ್ಲಿನ ನೆಲದ ಬಾವಿ ನೀರು ಸ್ವಲ್ಪ ಹುಳಿ ಗುಣದ್ದಾಗಿರುವುದು ಸಾಮಾನ್ಯ. ಕುಡಿಯುವ ನೀರಿನ ಪಿಎಚ್ 6.5ರಿಂದ 8.5ರ ಒಳಗೆ ಇರಬೇಕು ಅಂತ ನಿಯಮ, ನಮ್ಮಲ್ಲಿ ಅದಕ್ಕಿಂತ ಕೆಳಗೆ ಬರುವುದುಂಟು. ಸುಣ್ಣದ ಕಲ್ಲಿನ ಫಿಲ್ಟರ್ ಹಾಕಿದರೆ ಸರಿಯಾಗುತ್ತದೆ. ಟಾಯ್ಲೆಟ್ ಗುಂಡಿ ಬಾವಿಯಿಂದ ಕನಿಷ್ಠ 7.5 ಮೀಟರ್ ದೂರ ಇರಬೇಕು, ಟೇಪ್ ಹಿಡಿದು ಅಳೆದಿಟ್ಟಿರಿ. ಎಣ್ಮಕಜೆ ಕಡೆ ಮನೆ ಇದ್ದರೆ ಹೊರಗಿನವರು ಎಂಡೋಸಲ್ಫಾನ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸಿಂಪಡಿಸುವುದು 2000ದಲ್ಲಿ ನಿಂತಿತು. ನಮ್ಮ ಜನ ಅದರಿಂದ ಪಟ್ಟ ಕಷ್ಟ ಲೋಕಕ್ಕೇ ಗೊತ್ತು. ಕೇಳಿದವರಿಗೆ ನಿಮಗೆ ಗೊತ್ತಿದ್ದದ್ದನ್ನು ಹೇಳಿ, ನಿಮ್ಮ ನೀರಿನ ವರದಿ ಕೊಡಿ.

ಕಾಗದಪತ್ರವೂ ಮನೆ ತೋರಿಸುವುದರ ಭಾಗವೇ. ನೋಡಿ ಇಷ್ಟಪಟ್ಟವರು ಅವತ್ತೇ ಕೇಳುತ್ತಾರೆ. ಆಧಾರ (ಜಾಗದ ಹಕ್ಕುಪತ್ರ), ಅದರ ಹಿಂದಿನ ಮುನ್ನಾಧಾರ, ವಿಲೇಜ್ ಆಫೀಸಿನ ಈ ವರ್ಷದ ತೆರಿಗೆ ರಶೀದಿ, ತಂಡಪೇರ್ (ವಿಲೇಜ್ ಆಫೀಸಿನ ಜಾಗದ ಖಾತೆ) ನಂಬರ್, ಕೈವಶ ಸರ್ಟಿಫಿಕೇಟು, ಸಬ್ ರಿಜಿಸ್ಟ್ರಾರ್ ಆಫೀಸಿನ ಬಾಧ್ಯತಾ ಸರ್ಟಿಫಿಕೇಟು, ಪಂಚಾಯತಿನ ಕಟ್ಟಡ ತೆರಿಗೆ ರಶೀದಿ, ಇವೆಲ್ಲ ಒಂದು ಫೈಲಿನಲ್ಲಿರಲಿ, ಮೇಲೆ ಜೆರಾಕ್ಸ್, ಕೆಳಗೆ ಅಸಲು. ತಂಡಪೇರ್ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದ್ದರೆ ಮನೆ ತೋರಿಸುವ ಮೊದಲು ಪೋಕ್ಕುವರವು, ಅಂದರೆ ಖಾತೆ ಬದಲಾವಣೆ, ಮಾಡಿಸಿಕೊಳ್ಳಿ. ಎಲ್ಲ ಹಕ್ಕುದಾರರ ಸಹಿ ಕೂಡಿಸುವುದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅಷ್ಟು ದಿನ ಯಾರೂ ಕಾಯುವುದಿಲ್ಲ.

ಎರಡು ವಿಷಯ ನಮ್ಮ ಕಡೆಗೇ ವಿಶೇಷ. 1956ರ ನವೆಂಬರ್ 1ಕ್ಕೆ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವರು. ಹಾಗಾಗಿ ಹಳೆ ಪತ್ರಗಳು ಕನ್ನಡದಲ್ಲಿ, ಅದೂ ಕೂಡಕ್ಷರದಲ್ಲಿ ಇರುತ್ತವೆ. ಕೊಳ್ಳುವವರ ಬ್ಯಾಂಕಿನ ವಕೀಲರಿಗೆ ಅದು ಓದಲು ಬರದಿದ್ದರೆ ಸಾಲ ಅಲ್ಲೇ ನಿಲ್ಲುತ್ತದೆ. ಓದಬಲ್ಲ ಹಿರಿಯರ ಹತ್ತಿರ ಓದಿಸಿ, ಟೈಪ್ ಮಾಡಿಸಿ, ಅನುವಾದ ಮಾಡಿಸಿ ಇಟ್ಟುಕೊಳ್ಳಿ. ಮಾವನ ಮನೆಯ ಒಂದು ಪತ್ರ ಓದಿಸಿದಾಗ ತೋಡಿನ ಆಚೆಯ ಒಂದು ತುಂಡು ಜಾಗ ನಮ್ಮದೇ ಅಂತ ಗೊತ್ತಾಯಿತು.

ಇನ್ನೊಂದು ಗದ್ದೆಯ ವಿಷಯ. ಎಷ್ಟೋ ಅಡಿಕೆ ತೋಟ, ಎಷ್ಟೋ ಮನೆ ಹಿಂದೆ ಗದ್ದೆಯಾಗಿದ್ದ ಜಾಗದಲ್ಲಿದೆ. ಕೇರಳದಲ್ಲಿ 2008ರ ಗದ್ದೆ ಮತ್ತು ಜೌಗು ಜಾಗ ರಕ್ಷಣೆಯ ಕಾನೂನಿನಡಿ ಗದ್ದೆಗಳ ಡಾಟಾ ಬ್ಯಾಂಕ್ ಇದೆ. ನಿಮ್ಮ ಸರ್ವೆ ನಂಬರ್ ಅದರಲ್ಲಿ ಇದ್ದರೆ, ಅಥವಾ ತೆರಿಗೆ ದಾಖಲೆಯಲ್ಲಿ 'ನಿಲಂ' (ಗದ್ದೆ) ಅಂತ ಇದ್ದರೆ, ಹೊಸಬರಿಗೆ ಅಲ್ಲಿ ಕಟ್ಟಲು ಕಷ್ಟ. ಮಂಗಳೂರಿನಿಂದ ಬರುವವರಿಗೆ ಇದು ಗೊತ್ತಿರುವುದಿಲ್ಲ, ನೀವೇ ತಿಳಿಸಬೇಕು. ಇಲ್ಲಿ ಸ್ಟಾಂಪ್ ಡ್ಯೂಟಿ ನೂರಕ್ಕೆ 8, ರಿಜಿಸ್ಟ್ರೇಶನ್ ಫೀಸು ನೂರಕ್ಕೆ 2 ಅನ್ನುವುದನ್ನೂ ಮೊದಲೇ ಹೇಳಿಬಿಡಿ. ಆ ದುಡ್ಡು ಅವರ ಲೆಕ್ಕದಲ್ಲಿ ಇಲ್ಲದಿದ್ದರೆ ಕೊನೆಗೆ ನಿಮ್ಮ ಕ್ರಯದಲ್ಲೇ ಕಡಿಮೆ ಕೇಳುತ್ತಾರೆ.

ನೋಡಲು ಬರುವ ದಿನ ಮನೆಯಲ್ಲಿ ಜನ ಜಾಸ್ತಿ ಬೇಡ. ಒಬ್ಬರು ತೋರಿಸಿ, ಒಬ್ಬರು ಚಾ ಮಾಡಿ, ಸಾಕು. ನಾಯಿಯನ್ನು ಕಟ್ಟಿ ಹಾಕಿ. ಅಂಗಳದ ಹಾವಸೆಯನ್ನು ಹಿಂದಿನ ವಾರವೇ ಉಜ್ಜಿ ತೆಗೆಯಿರಿ, ವಯಸ್ಸಾದವರು ಜಾರಿ ಬಿದ್ದರೆ ಎಲ್ಲ ಮುಗಿಯಿತು. ಎಲ್ಲ ಕಿಟಕಿ, ಬಾಗಿಲು ಒಂದು ಗಂಟೆ ಮೊದಲೇ ತೆರೆದಿಡಿ. ಮೊದಲು ಬಾವಿ ತೋರಿಸಿ, ಆಮೇಲೆ ಹಿತ್ತಿಲು, ಕೊನೆಗೆ ಮನೆಯೊಳಗೆ ಕರೆದುಕೊಂಡು ಬನ್ನಿ. ನೀರು ನೋಡಿ ಸಮಾಧಾನ ಆದವರು ಒಳಗೆ ಬಂದು ಕೂರುವ ರೀತಿಯೇ ಬೇರೆ. ಅವರವರೇ ಮಾತಾಡಿಕೊಳ್ಳಲು ಹತ್ತು ನಿಮಿಷ ಬಿಡಿ, ಹಿಂದೆ ಹಿಂದೆ ಹೋಗಬೇಡಿ. ಯಾಕೆ ಮಾರುತ್ತೀರಿ ಅಂತ ಕೇಳಿದರೆ ನಿಜ ಹೇಳಿ. "ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ನಮ್ಮಿಬ್ಬರಿಂದ ತೋಟ ನೋಡಿಕೊಳ್ಳಲು ಆಗುವುದಿಲ್ಲ" ಅಂತ ಮಾವ ಹೇಳುತ್ತಿದ್ದರು. ಅದು ಎಲ್ಲರಿಗೂ ಅರ್ಥವಾಗುವ ಮಾತು.

ಹೋದ ಮೇಲೆ ಅವರು ಏನೇನು ಕೇಳಿದರು ಅಂತ ಒಂದು ಪುಸ್ತಕದಲ್ಲಿ ಬರೆದಿಡಿ. ಒಂದೇ ಪ್ರಶ್ನೆ ಎರಡು ಪಾರ್ಟಿ ಕೇಳಿದರೆ ಮೂರನೆಯವರು ಬರುವ ಮೊದಲು ಅದನ್ನು ಸರಿಮಾಡಿ. ಮಾವನ ಪುಸ್ತಕದಲ್ಲಿ ಎರಡು ಸಲ ಬಂದದ್ದು ಹಿತ್ತಿಲಿನ ಗಡಿಕಲ್ಲು. ಪೊದೆ ಕಡಿಸಿ, ನಾಲ್ಕೂ ಕಲ್ಲಿಗೆ ಸುಣ್ಣ ಬಳಿಸಿದರು. ಮೂರನೇ ಸಲ ಬಂದವರು ಮುಳ್ಳೇರಿಯ ಕಡೆಯವರು, ಬಾವಿ ನೋಡಿದರು, ಕಲ್ಲಿನಿಂದ ಕಲ್ಲಿಗೆ ನಡೆದರು, ಅಡುಗೆಕೋಣೆಯ ಬಿಸಿಲಿನಲ್ಲಿ ನಿಂತು ಚಾ ಕುಡಿದರು. ಮುಂದಿನ ಆದಿತ್ಯವಾರ ಮುಂಗಡ ಹಿಡಿದುಕೊಂಡು ಬಂದರು.